ಗಾಯಕನ ನೆರಳಿನಲ್ಲಿ: ಸ್ಟೀವ್ ಕ್ರಾಪರ್ ಗಿಟಾರ್ ವಾದನ

ಪರರ ಹಾಡುಗಳ ಧ್ವನಿಮುದ್ರಣಕ್ಕೆ ಸ್ಟುಡಿಯೊದಲ್ಲಿ ನುಡಿಸಿಕೊಡುವ ಸೆಷನ್ ವಾದಕನ ಬೆಲೆ ಕಟ್ಟುವುದು ಸುಲಭವಲ್ಲ. ಆತ ಚೆನ್ನಾಗಿ ನುಡಿಸಿದಷ್ಟೂ ಕೇಳುಗನ ಕಿವಿ ಗಾಯಕನತ್ತಲೇ ಹೊರಳುತ್ತದೆ. 1941ರಲ್ಲಿ ಜನಿಸಿದ ಸ್ಟೀವ್ ಕ್ರಾಪರ್ ಅಮೆರಿಕದ ಮೆಂಫಿಸ್ ನಗರದ ಸ್ಟ್ಯಾಕ್ಸ್ ಕಂಪನಿಯಲ್ಲಿ, ಹಳೆಯ ಚಿತ್ರಮಂದಿರವೊಂದನ್ನು ಮಾರ್ಪಡಿಸಿದ ಸ್ಟುಡಿಯೊದಲ್ಲಿ, 1960ರ ದಶಕದುದ್ದಕ್ಕೂ ಇದೇ ಕೆಲಸ ಮಾಡಿದರು. ಕಪ್ಪು ಮತ್ತು ಬಿಳಿಯ ವಾದಕರು ಜೊತೆಗೂಡಿದ್ದ ಅವರ ತಂಡ ‘ಬುಕರ್ ಟಿ. ಅಂಡ್ ದಿ ಎಂ.ಜಿ.ಸ್’ ಆ ಕಂಪನಿಯ ಖಾಯಂ ವಾದ್ಯವೃಂದವಾಗಿತ್ತು. ವರ್ಣಭೇದ ಬೇರೂರಿದ್ದ ಊರಿನಲ್ಲಿ ಅದು ಸಣ್ಣ ಸಂಗತಿಯಲ್ಲ.

ಕ್ರಾಪರ್ ಅವರನ್ನು ಬಹುಮುಖಿ ಎನ್ನುವ ವಾಡಿಕೆಯಿದ್ದರೂ ಅವರ ಕೈಯ ಶೈಲಿ ಬಹುತೇಕ ಒಂದೇ; ವೈವಿಧ್ಯವಿರುವುದು ವಾದಕ, ಗೀತರಚನಕಾರ, ನಿರ್ಮಾಪಕ ಎಂಬ ಹೊಣೆಗಳಲ್ಲಿ. ಗಾಯಕ ವಿಲ್ಸನ್ ಪಿಕೆಟ್ ಜೊತೆ ರಚಿಸಿದ ‘ಇನ್ ದ ಮಿಡ್‌ನೈಟ್ ಅವರ್’ (1965) ಹಾಡಿನಲ್ಲಿ ಬ್ಯಾಕ್‌ಬೀಟ್, ಅಂದರೆ ನಾಲ್ಕೆಣಿಕೆಯ ಆವರ್ತದ ಎರಡನೆಯ ಮತ್ತು ನಾಲ್ಕನೆಯ ಪೆಟ್ಟು, ಕೂದಲೆಳೆಯಷ್ಟು ತಡವಾಗಿ ಬೀಳುತ್ತದೆ. ಆಲ್ ಜ್ಯಾಕ್ಸನ್ ಅವರ ಡ್ರಮ್ಮಿಗೆ ಗಿಟಾರ್ ಅದೇ ತಡದಲ್ಲಿ ಅಂಟಿಕೊಂಡು ಬರುವುದರಿಂದ ಇಡೀ ಹಾಡಿಗೆ ಒಂದು ತೂಕ ದೊರೆಯುತ್ತದೆ. ಮರುವರ್ಷ ಎಡ್ಡಿ ಫ್ಲಾಯ್ಡ್ ಹಾಡಿದ ‘ನಾಕ್ ಆನ್ ವುಡ್’ ಆರಂಭದಲ್ಲಿ ಇದೇ ಹಾಡಿನ ಸ್ವರಮೇಳಗಳನ್ನು ತಿರುವುಮುರುವಾಗಿಸಿ ಬಳಸಿದ್ದನ್ನು ಬಡತನವೆನ್ನಬೇಕೇ, ಮಿತವ್ಯಯವೆನ್ನಬೇಕೇ? ಕೇಳುವವರಿಗೆ ಎರಡೂ ಬೇರೆ ಹಾಡುಗಳಾಗಿಯೇ ನಿಲ್ಲುವುದರಿಂದ ಎರಡನೆಯದೇ ಸರಿ.

ಬ್ಲೂಸ್ ಗಾಯಕ ಆಲ್ಬರ್ಟ್ ಕಿಂಗ್ ಅವರ ‘ಬಾರ್ನ್ ಅಂಡರ್ ಎ ಬ್ಯಾಡ್ ಸೈನ್’ (1967) ಆಲ್ಬಮ್‌ನಲ್ಲಿ ತಂತಿಯನ್ನು ಎಳೆದು ಸ್ವರ ಬಾಗಿಸುವ ಗಿಟಾರ್ ಕಿಂಗ್ ಅವರದೇ. ಕ್ರಾಪರ್ ಅದರ ಹಿಂದೆ ಸರಿದು ಲಯಕ್ಕೆ ಒತ್ತಾಸೆಯಾಗುತ್ತಾರೆ. ಅದೇ ವರ್ಷ ಡಿಸೆಂಬರ್ 10ರಂದು ಗಾಯಕ ಓಟಿಸ್ ರೆಡಿಂಗ್ ವಿಮಾನ ಅಪಘಾತದಲ್ಲಿ ತೀರಿಕೊಂಡಾಗ, ಕೆಲವೇ ದಿನಗಳ ಹಿಂದೆ ಮುದ್ರಣವಾಗಿದ್ದ ‘ಡಾಕ್ ಆಫ್ ದ ಬೇ’ ಹಾಡನ್ನು ಅಲೆಗಳ ಸದ್ದು ಸೇರಿಸಿ ಪೂರ್ಣಗೊಳಿಸಿದವರೂ ಇವರೇ. ಅದರಲ್ಲಿ ಸಾಲು ಮುಗಿದಲ್ಲಿ ಮಾತ್ರ ಗಿಟಾರ್ ಚುಟುಕಾಗಿ ಮಾತನಾಡಿ, ಗಾಯಕ ಮತ್ತೆ ಬಾಯಿ ತೆರೆಯುವ ಮೊದಲೇ ಸುಮ್ಮನಾಗುತ್ತದೆ.

ಇದೇ ಗುಣ ಅವರ ಮಿತಿಯೂ ಹೌದು. ಗಾಯನವಿಲ್ಲದ ‘ಗ್ರೀನ್ ಆನಿಯನ್ಸ್’ (1962) ಗೆದ್ದದ್ದು ಗಾಯಕನ ಜಾಗವನ್ನು ಬುಕರ್ ಟಿ. ಜೋನ್ಸ್ ಅವರ ಆರ್ಗನ್ ತುಂಬಿದ್ದರಿಂದ. 1969ರ ಏಕವ್ಯಕ್ತಿ ಆಲ್ಬಮ್ ‘ವಿತ್ ಎ ಲಿಟಲ್ ಹೆಲ್ಪ್ ಫ್ರಮ್ ಮೈ ಫ್ರೆಂಡ್ಸ್’ನಲ್ಲಿ ರಾಗದ ಭಾರವೆಲ್ಲ ಗಿಟಾರಿನ ಮೇಲೆಯೇ ಬಿದ್ದಾಗ, ಉತ್ತರ ಕೊಡುವುದರಲ್ಲಿ ಪಳಗಿದ ಆ ಕೈಗೆ ಮಾತು ಶುರುಮಾಡುವುದು ಅಷ್ಟಾಗಿ ಒದಗಿಬರುವುದಿಲ್ಲ.