ಮಾಂತ್ರಿಕನ ಕೈಗೆ ಕತ್ತರಿ

ಕಳೆದ ವಾರ ಮಾತು ಕೊಟ್ಟಂತೆ ಈ ಸಲ 1985ರ ‘ತುಳಸೀದಳ’ ಸಿನಿಮಾದ ಬಗ್ಗೆ, ಶರತ್ ಬಾಬು–ಆರತಿ ಜೋಡಿಯ ಬಗ್ಗೆ ಬರೆಯಬೇಕಿತ್ತು. ಅದಕ್ಕೂ ಮುಂಚೆ ಮೂಲ ಕಾದಂಬರಿಯತ್ತ ಕಣ್ಣಾಡಿಸೋಣವೆಂದು ಕೂತವನು ಅಲ್ಲೇ ಸಿಕ್ಕಿಕೊಂಡೆ. ಸಿನಿಮಾ ಕಾಯಲಿ.

ಯಂಡಮೂರಿ ವೀರೇಂದ್ರನಾಥ್ ಇದನ್ನು ಬರೆದದ್ದು ನಮ್ಮ ಸಿಕಂದರಾಬಾದಿನ ‘ಆಂಧ್ರಭೂಮಿ’ ವಾರಪತ್ರಿಕೆಗೆ, ಧಾರಾವಾಹಿಯಾಗಿ. ‘ದಿ ಎಕ್ಸಾರ್ಸಿಸ್ಟ್’ನ ನಕಲು ಎಂದು ಮೂಗು ಮುರಿಯುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಎರಡರಲ್ಲೂ ಹುಡುಗಿಯೊಬ್ಬಳು ನರಳುತ್ತಾಳೆ, ವೈದ್ಯರು ಕೈಚೆಲ್ಲುತ್ತಾರೆ, ನಿಜ. ಆದರೆ ಫ್ರೀಡ್‌ಕಿನ್ನನ 1973ರ ಚಿತ್ರದಲ್ಲಿ ದಿಗಿಲೆಲ್ಲ ಒಂದು ಮಲಗುವ ಕೋಣೆಯೊಳಗೆ ಮಡುಗಟ್ಟಿದೆ. ಯಂಡಮೂರಿಯ ಮಾಂತ್ರಿಕ ಕೂತಿರುವುದು ಎಲ್ಲೋ ದೂರದಲ್ಲಿ. ಅವನ ಕ್ರಿಯೆ ಒಂದು ಪ್ಯಾರಾ, ಇಲ್ಲಿ ಮನೆಯಲ್ಲಿ ಮಗು ತುಳಸಿ ಮತ್ತೊಂದು ಪ್ಯಾರಾ. ನಡುವೆ ಒಂದು ಖಾಲಿ ಸಾಲು, ಅಷ್ಟೇ. ಗ್ರಿಫಿತ್‌ನ ಮೂಕಿ ಚಿತ್ರಗಳ ಕಾಲದಿಂದ ಎಡಿಟರುಗಳು ಮಾಡಿಕೊಂಡು ಬಂದ ಕೆಲಸವನ್ನು ಇವರು ಪೆನ್ನಿನಲ್ಲಿ ಮಾಡಿದರು.

ಹಿಚ್‌ಕಾಕ್ ಟ್ರೂಫೋಗೆ ವಿವರಿಸಿದ ಬಾಂಬಿನ ಪಾಠ ಈ ಅಂಕಣದ ಓದುಗರಿಗೆ ಹೊಸದೇನಲ್ಲ. ಮೇಜಿನಡಿ ಬಾಂಬಿದೆ, ಮೇಲೆ ಇಬ್ಬರು ಹರಟುತ್ತಿದ್ದಾರೆ. ಅದು ಹಠಾತ್ತನೆ ಸಿಡಿದರೆ ನೋಡುಗ ಹದಿನೈದು ಸೆಕೆಂಡು ಬೆಚ್ಚುತ್ತಾನೆ. ಬಾಂಬಿರುವುದು ಅವನಿಗೆ ಮೊದಲೇ ಗೊತ್ತಿದ್ದರೆ ಹದಿನೈದು ನಿಮಿಷ ಒದ್ದಾಡುತ್ತಾನೆ, ಎದ್ದು ಆ ಇಬ್ಬರನ್ನೂ ಎಚ್ಚರಿಸಬೇಕು ಅನ್ನಿಸುತ್ತದೆ. ‘ತುಳಸೀದಳ’ದ ಓದುಗನ ಸಂಕಟ ಇದೇ. ಮಗುವಿನ ಮೇಲೆ ಮಾಟ ನಡೆದಿರುವುದು ಅವನಿಗೆ ಗೊತ್ತು, ಹೆತ್ತವರಿಗೆ ಗೊತ್ತಿಲ್ಲ. ಮುಂದಿನ ಸಂಚಿಕೆಗೆ ಇನ್ನೂ ಒಂದು ವಾರವಿದೆ! ಕತ್ತಲಲ್ಲಿ ಮುಖವೊಂದನ್ನು ಧುತ್ತೆಂದು ತೋರಿಸಿ ಸ್ಪೀಕರ್ ಒಡೆಯುವಂತೆ ಕಿರುಚಿಸುವ ಇವತ್ತಿನ ಹಾರರ್‌ ಚಿತ್ರಗಳನ್ನು ನಾನು ಹಾರರ್ ಎಂದು ಒಪ್ಪುವುದಿಲ್ಲ. ಬೆನ್ನ ಹಿಂದೆ ಪಟಾಕಿ ಹೊಡೆದರೂ ಬೆಚ್ಚುತ್ತೇವೆ.

ಯಂಡಮೂರಿಯ ನಿಜವಾದ ಪ್ರಯೋಗ ಕೊನೆಯಲ್ಲಿದೆ. ಮಂತ್ರವನ್ನು ನಂಬಿದವರದ್ದೊಂದು ಹೋರಾಟ, ಹಿಪ್ನಾಟಿಸಂ ನಂಬಿದವರದ್ದು ಇನ್ನೊಂದು. ಕತೆಗಾರ ಅವನ್ನು ಒಂದೇ ಗಳಿಗೆಗೆ ತಂದು ನಿಲ್ಲಿಸುತ್ತಾರೆ. ಮಗುವನ್ನು ಉಳಿಸಿದ್ದು ಯಾವುದೆಂಬ ತೀರ್ಪು ಓದುಗನಿಗೇ ಬಿಟ್ಟದ್ದು. ತೆರೆಯ ಮೇಲೆ ಇದು ಬಹಳ ಕಷ್ಟ. ಕ್ಯಾಮೆರಾ ಒಮ್ಮೆ ತೋರಿಸಿತೆಂದರೆ ನಾವು ನಂಬಿಬಿಡುತ್ತೇವೆ. 2008ರ ‘ಫೂಂಕ್’ ನೋಡಿ: ಅಲ್ಲೂ ಮಗಳಿಗೆ ಮಾಟ, ನಮ್ಮ ಸುದೀಪ್ ನಾಸ್ತಿಕ ತಂದೆ. ರಾಮ್‌ಗೋಪಾಲ್ ವರ್ಮಾ ಕೊನೆಗೆ ಅವನನ್ನು ಮಂತ್ರದ ಪಕ್ಷಕ್ಕೆ ಸೇರಿಸಿಯೇ ಕತೆ ಮುಗಿಸುತ್ತಾರೆ.