ಎಂಬತ್ತು ಗ್ರೇನಿನ ತಾಮ್ರ

1915ರಲ್ಲಿ ಅಮೆರಿಕದ ಸ್ಯಾವೇಜ್ ಕಂಪನಿ ತನ್ನ ಮಾಡೆಲ್ 99 ಕೋವಿಗೆಂದು ಹೊಸ ತೋಟಾ ಒಂದನ್ನು ಹೊರತಂದಿತು. ರೂಪಿಸಿದವನು ಚಾರ್ಲ್ಸ್ ನ್ಯೂಟನ್. ಅವನ ಲೆಕ್ಕದಲ್ಲಿ ಅದಕ್ಕೆ 100 ಗ್ರೇನಿನ ಗುಂಡು ಸರಿಯಾಗಿತ್ತು. ಕಂಪನಿಯವರು ಅದನ್ನು 87 ಗ್ರೇನಿಗೆ ಇಳಿಸಿದರು. ಅಷ್ಟು ಹಗುರ ಮಾಡಿದರೆ ಗುಂಡು ಸೆಕೆಂಡಿಗೆ 3000 ಅಡಿ ವೇಗ ಮುಟ್ಟುತ್ತಿತ್ತು, ಆ ಕಾಲಕ್ಕೆ ಮೂರು ಸಾವಿರ ಎಂದರೆ ಜನ ತಿರುಗಿ ನೋಡುವ ಸಂಖ್ಯೆ. ತೋಟಾದ ಹೆಸರಿಗೇ ಅದನ್ನು ಸೇರಿಸಿ .250-3000 ಎಂದು ಮಾರಿದರು.

ಜಿಂಕೆಗೆ ಎಷ್ಟು ತೂಕದ ಗುಂಡು ಎಂಬ ಮಾತು ಬಂದಾಗಲೆಲ್ಲ ನನಗೆ ಈ ಪ್ರಸಂಗ ನೆನಪಾಗುತ್ತದೆ. ಅಲ್ಲಿ ತೂಕವನ್ನು ಗೊತ್ತುಮಾಡಿದ್ದು ಜಾಹೀರಾತಿನ ಲೆಕ್ಕ. ಇವತ್ತೂ ಅಂಗಡಿಯ ಕಪಾಟಿನ ಮುಂದೆ ನಿಂತವರು ಡಬ್ಬಿಯ ಮೇಲಿನ ಎರಡು ಅಂಕಿ ಓದಿ ಕೊಂಡುಬಿಡುತ್ತಾರೆ: ಎಷ್ಟು ಗ್ರೇನು, ಎಷ್ಟು ವೇಗ. ಗುಂಡು ಯಾವ ಲೋಹದ್ದು, ಒಳಗೆ ಹೇಗೆ ಕಟ್ಟಿದ್ದಾರೆ ಎಂಬುದು ಆಮೇಲಿನ ಮಾತು. ನನ್ನ ಮಟ್ಟಿಗೆ ಅದೇ ಮೊದಲ ಮಾತು.

ಸೆಪ್ಟೆಂಬರ್ ಬಂತೆಂದರೆ ಇಲ್ಲಿ ವಿಸ್ಕಾನ್ಸಿನ್‌ನಲ್ಲಿ ನೆಲೆಸಿರುವ ನಮ್ಮ ಕಡೆಯ ಹುಡುಗರ ಫೋನು ಶುರುವಾಗುತ್ತದೆ. “ಅಣ್ಣಾ, .243 ತಗೊಂಡಿದೀನಿ. ಹಗುರದ ಗುಂಡು ಹಾಕ್ಲಾ, ಭಾರದ್ದು ಹಾಕ್ಲಾ?” ಊರಿನಲ್ಲಿ ಈ ಪ್ರಶ್ನೆ ಏಳುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ, ಕಡವೆಗಳತ್ತ ಕೋವಿ ತಿರುಗಿಸುವುದು ಅಪರಾಧ, ಅದು ಹಾಗೆಯೇ ಇರಬೇಕು. ಇಲ್ಲಿ ಬಿಳಿಬಾಲದ ಜಿಂಕೆಗೆ ಲೈಸೆನ್ಸು, ಟ್ಯಾಗು, ಮೈಮೇಲೆ ಎದ್ದು ಕಾಣುವ ಕಿತ್ತಳೆ ಅಂಗಿ, ಥ್ಯಾಂಕ್ಸ್‌ಗಿವಿಂಗ್‌ಗೆ ಮುಂಚಿನ ಶನಿವಾರದಿಂದ ಒಂಬತ್ತು ದಿನದ ಹಂಗಾಮು, ಎಲ್ಲವೂ ಕಾನೂನಿನ ಚೌಕಟ್ಟಿನಲ್ಲಿ ನಡೆಯುತ್ತದೆ.

ಫೋನು ಮಾಡುವವರಲ್ಲಿ ಕೊಡಗಿನವರೂ ಇದ್ದಾರೆ. ಕೈಲ್ ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆದು ಕೈ ಪಳಗಿದ ಅವರಿಗೆ ಗುರಿಯ ಬಗ್ಗೆ ಹೇಳಿಕೊಡಬೇಕಾದ್ದು ಹೆಚ್ಚೇನಿಲ್ಲ. ಆದರೆ ತೆಂಗಿನಕಾಯಿಗೆ ಗುಂಡು ತಾಗಿದರೆ ಮುಗಿಯಿತು. ಜಿಂಕೆಯಲ್ಲಿ ಚರ್ಮ ಮುಟ್ಟಿದ ಮೇಲೆ ಗುಂಡಿನ ಕೆಲಸ ಶುರು. ಚರ್ಮ, ಪಕ್ಕೆಲುಬು, ಕೆಲವು ಸಲ ಭುಜದ ಮೂಳೆ ದಾಟಿ, ಎರಡೂ ಶ್ವಾಸಕೋಶಗಳನ್ನು ಸೀಳಿ, ಸಾಧ್ಯವಾದರೆ ಆಚೆ ಬದಿಯಿಂದ ಹೊರಬೀಳಬೇಕು. ಈ ದಾರಿಯಲ್ಲಿ ಗುಂಡು ಅರಳಲೂ ಬೇಕು, ಒಡೆದು ಚೂರಾಗಲೂಬಾರದು.

ಗ್ರೇನು ಅಷ್ಟೇನೂ ದೊಡ್ಡ ತೂಕವಲ್ಲ. ಒಂದು ಪೌಂಡಿಗೆ 7000 ಗ್ರೇನು. ಒಂದು ಗುಲಗಂಜಿ ಸುಮಾರು ಎರಡು ಗ್ರೇನು ತೂಗುತ್ತದೆ. .243 ವಿಂಚೆಸ್ಟರ್ 1955ರಲ್ಲಿ ಮಾರುಕಟ್ಟೆಗೆ ಬಂದಾಗ ಎರಡು ಬಗೆಯ ಗುಂಡು ಸಿಗುತ್ತಿತ್ತು: ಬೆಳೆಗೆ ಕಾಟ ಕೊಡುವ ಸಣ್ಣ ಪ್ರಾಣಿಗಳಿಗೆ 80 ಗ್ರೇನು, ಜಿಂಕೆಗೆ 100 ಗ್ರೇನು. ಎರಡರ ನಡುವಿನ ಅಂತರ ಹತ್ತು ಗುಲಗಂಜಿಯಷ್ಟು. ಆ ಹತ್ತು ಗುಲಗಂಜಿಯ ಸುತ್ತ ಬೇಟೆಗಾರರು ಇವತ್ತಿಗೂ ವಾದ ಮಾಡುತ್ತಿದ್ದಾರೆ.

ಹಗುರ ಗುಂಡಿಗೆ ಕೆಟ್ಟ ಹೆಸರು ಬಂದದ್ದಕ್ಕೆ ಕಾರಣವಿದೆ. ಸಣ್ಣ ಪ್ರಾಣಿಗೆಂದು ಮಾಡಿದ ಗುಂಡಿನ ತಾಮ್ರದ ಹೊದಿಕೆ ತೀರ ತೆಳು, ಒಳಗೆ ಮೆತ್ತನೆಯ ಸೀಸ. ತಾಗಿದ ಕೂಡಲೇ ಸಿಡಿದು ಹೋಗಲಿ ಎಂದೇ ಅದನ್ನು ಕಟ್ಟಿರುತ್ತಾರೆ. ಕಾಡುನಾಯಿಯಂಥ ಕಯೋಟಿಗೆ ಅದು ಸರಿ. ಅದೇ ಗುಂಡು ಜಿಂಕೆಯ ಭುಜಕ್ಕೆ ಬಿದ್ದರೆ ಮೇಲ್ಮಾಂಸದಲ್ಲಿ ದೊಡ್ಡ ಗಾಯ ಮಾಡಿ ಅಲ್ಲೇ ಪುಡಿಯಾಗುತ್ತದೆ. ಜಿಂಕೆ ಓಡಿಹೋಗುತ್ತದೆ, ಎಲ್ಲೋ ಪೊದೆಯಲ್ಲಿ ದಿನಗಟ್ಟಲೆ ನರಳುತ್ತದೆ. ಡಬ್ಬಿಯ ಮೇಲೆ ಜಿಂಕೆಯ ಚಿತ್ರವಿಲ್ಲದ, ಸಣ್ಣ ಪ್ರಾಣಿಗೆಂದೇ ಬರೆದಿರುವ ಗುಂಡನ್ನು ಜಿಂಕೆಗೆ ಹಾರಿಸುವುದನ್ನು ನಾನು ಕ್ರೌರ್ಯ ಎಂದೇ ಕರೆಯುತ್ತೇನೆ, ಅದು ಎಷ್ಟೇ ವೇಗವಾಗಿ ಹೋಗಲಿ.

ಗುಂಡು ಒಡೆಯುವ ಸಮಸ್ಯೆ ಭಾರದ ಗುಂಡಿಗೂ ತಪ್ಪಿದ್ದಲ್ಲ. 1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಜಾನ್ ನಾಸ್ಲರ್ ಹೊಡೆದ ಗುಂಡು, ಮೈಗೆಲ್ಲ ಕೆಸರು ಒಣಗಿ ಮೆತ್ತಿಕೊಂಡಿದ್ದ ಮೂಸ್ ಎಂಬ ಭಾರೀ ಪ್ರಾಣಿಯ ಒಳಗಿಳಿಯಲಿಲ್ಲ. ಊರಿಗೆ ಬಂದವರು ಗುಂಡಿನ ನಡುವೆ ತಾಮ್ರದ ಅಡ್ಡಗೋಡೆ ಇಟ್ಟರು. ಮುಂದಿನ ಅರ್ಧ ಅರಳುತ್ತದೆ, ಹಿಂದಿನ ಅರ್ಧ ಇಡಿಯಾಗಿ ಉಳಿದು ಒಳಕ್ಕೆ ನುಗ್ಗುತ್ತದೆ. 1948ರಿಂದ ಮಾರಾಟಕ್ಕಿರುವ ಆ ಪಾರ್ಟಿಷನ್ ಗುಂಡು ಇಂದಿಗೂ ಸಿಗುತ್ತದೆ, ನಾನು ಗೌರವಿಸುವ ಗುಂಡುಗಳಲ್ಲಿ ಅದೊಂದು. 1980ರ ದಶಕದಲ್ಲಿ ಬಾರ್ನ್ಸ್ ಕಂಪನಿಯ ರ‍್ಯಾಂಡಿ ಬ್ರೂಕ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಸೀಸವನ್ನೇ ತೆಗೆದುಹಾಕಿದರು. ಇಡಿಯಾಗಿ ತಾಮ್ರ, ಮೂತಿಯಲ್ಲಿ ಒಂದು ಕುಳಿ. ತಾಗಿದಾಗ ಆ ಕುಳಿ ತೆರೆದುಕೊಂಡು ಮೂತಿ ನಾಲ್ಕು ದಳವಾಗಿ ಹಿಂದಕ್ಕೆ ಬಾಗುತ್ತದೆ.

ಹಗುರ ಗುಂಡಿನ ವಾದ ತಿರುಗಿದ್ದು ಇಲ್ಲಿ. 100 ಗ್ರೇನಿನ ಸಾಮಾನ್ಯ ಸೀಸದ ಗುಂಡು ಮೂಳೆಗೆ ತಾಗಿ ತೂಕದ ಮೂರನೇ ಒಂದು ಭಾಗ ದಾರಿಯಲ್ಲಿ ಚೆಲ್ಲುವುದು ಅಪರೂಪವೇನಲ್ಲ. ಕೊನೆಗೆ ಉಳಿಯುವುದು ಅರುವತ್ತು ಚಿಲ್ಲರೆ ಗ್ರೇನು. ತಾಮ್ರದ ಗುಂಡು ಹೊರಟಾಗ ಎಂಬತ್ತು, ನಿಂತಾಗಲೂ ಹೆಚ್ಚುಕಡಿಮೆ ಎಂಬತ್ತೇ. ಕಳೆದ ಹಂಗಾಮಿನಲ್ಲಿ ಎದುರಾಗಿ ನಿಂತ ಗಂಡುಜಿಂಕೆಯ ಎದೆಗೆ ಹೊಕ್ಕ ಗುಂಡು ಮೈಯುದ್ದಕ್ಕೂ ಸಾಗಿ ತೊಡೆಯ ಚರ್ಮದಡಿ ನಿಂತಿತ್ತು. ಸುಲಿಯುವಾಗ ಚಾಕುವಿಗೆ ತಟ್ಟಿತು. ತೊಳೆದು ನೋಡಿದರೆ ನಾಲ್ಕೂ ದಳ ಬುಡದವರೆಗೆ ಮಗುಚಿದ್ದವು, ನಳಿಗೆಯ ಗೀರುಗಳು ಹಿಂಬದಿಯಲ್ಲಿ ಹಾಗೇ ಇದ್ದವು, ಕುಳಿಯ ಬಾಯಿಗೆ ಕೂರಿಸಿದ್ದ ನೀಲಿ ಪ್ಲಾಸ್ಟಿಕ್ ತುದಿ ಮಾತ್ರ ಇರಲಿಲ್ಲ. ತಕ್ಕಡಿಗೆ ಹಾಕಿದೆ, 78 ಗ್ರೇನು.

ನಳಿಗೆಯ ಮಾತನ್ನೂ ಇಲ್ಲಿ ಹೇಳಬೇಕು, ಯಾಕೆಂದರೆ ತಾಮ್ರ ಸೀಸಕ್ಕಿಂತ ಹಗುರ ಲೋಹ. ಅದೇ ತೂಕಕ್ಕೆ ಗುಂಡು ಉದ್ದವಾಗುತ್ತದೆ. ಉದ್ದದ ಗುಂಡು ಅಡ್ಡಾದಿಡ್ಡಿಯಾಗದೆ ಹಾರಬೇಕಾದರೆ ನಳಿಗೆಯೊಳಗಿನ ಸುರುಳಿಗೀರು ಅದನ್ನು ಚುರುಕಾಗಿ ತಿರುಗಿಸಬೇಕು. .243 ಬಂದ ವರ್ಷವೇ ರೆಮಿಂಗ್ಟನ್ ಕಂಪನಿ .244 ಎಂಬ ತೋಟಾ ತಂದಿತ್ತು. ಶಕ್ತಿಯಲ್ಲಿ ಅದೇನೂ ಕಡಿಮೆಯಿರಲಿಲ್ಲ. ಆದರೆ ಜನ ಹಗುರ ಗುಂಡನ್ನೇ ಬಳಸುತ್ತಾರೆಂದು ನಂಬಿ ಹನ್ನೆರಡು ಅಂಗುಲಕ್ಕೆ ಒಂದು ಸುತ್ತಿನ ನಳಿಗೆ ಕೊಟ್ಟರು. 100 ಗ್ರೇನಿನ ಚೂಪುಮೂತಿಯ ಗುಂಡನ್ನು ಅದು ಸ್ಥಿರವಾಗಿ ಕಳಿಸಲಾರದು ಎಂಬ ಮಾತು ಹಬ್ಬಿ ಜಿಂಕೆ ಬೇಟೆಗಾರರು ವಿಂಚೆಸ್ಟರ್ ಕಡೆ ಸರಿದರು. 1963ರಲ್ಲಿ ಒಂಬತ್ತು ಅಂಗುಲಕ್ಕೆ ಒಂದು ಸುತ್ತು ಮಾಡಿ, 6 ಎಂಎಂ ರೆಮಿಂಗ್ಟನ್ ಎಂದು ಹೆಸರು ಬದಲಿಸಿದರೂ ಹೋದ ಗಿರಾಕಿ ಮರಳಿ ಬರಲಿಲ್ಲ. ಈಗಿನ .243 ಕೋವಿಗಳಲ್ಲಿ ಸಾಮಾನ್ಯವಾಗಿ ಹತ್ತು ಅಂಗುಲಕ್ಕೆ ಒಂದು ಸುತ್ತು ಇರುತ್ತದೆ. 80, 85 ಗ್ರೇನಿನ ತಾಮ್ರಕ್ಕೆ ಅದು ಒಗ್ಗುತ್ತದೆ. 100 ಗ್ರೇನಿನ ತೂಕವೇ ಬೇಕೆಂದರೆ ಸೀಸದ ಗುಂಡಿಗೆ ಹೋಗಿ.

ಹೀಗಾಗಿ ಫೋನು ಮಾಡುವವರಿಗೆ ನಾನು ಹೇಳುವುದು 80 ಗ್ರೇನಿನ ತಾಮ್ರ. ಕಾರ್ಖಾನೆಯ ತೋಟಾದಲ್ಲಿ ಅದು ನಳಿಗೆ ಬಿಡುವಾಗ ಸೆಕೆಂಡಿಗೆ 3350 ಅಡಿಯ ಆಸುಪಾಸಿನಲ್ಲಿರುತ್ತದೆ, ಮುನ್ನೂರು ಗಜದಲ್ಲೂ ಎರಡೂವರೆ ಸಾವಿರದ ಹತ್ತಿರ. 100 ಗ್ರೇನಿನ ಸೀಸದ್ದು ಹೊರಡುವುದೇ 2960ರಲ್ಲಿ. ನಳಿಗೆಯ ಬಾಯಲ್ಲಿ ಎರಡರ ಶಕ್ತಿಯೂ ಹೆಚ್ಚುಕಡಿಮೆ ಒಂದೇ. ಒದೆತ .30-06 ಕೋವಿಯ ಅರ್ಧದಷ್ಟು. ಇದನ್ನು ನಾನು ಸಣ್ಣ ಲಾಭವೆಂದು ಎಣಿಸುವುದಿಲ್ಲ. ಭುಜಕ್ಕೆ ಬೀಳುವ ಏಟಿಗೆ ಹೆದರಿ ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುವವರನ್ನು ಪ್ರತಿ ಗುರಿಮೈದಾನದಲ್ಲೂ ನೋಡಬಹುದು. ಅವರ ಕೈಯಲ್ಲಿ ಭಾರದ ಗುಂಡು ಹೊಟ್ಟೆಗೆ ಬೀಳುತ್ತದೆ, ಮುಂಗಾಲಿನ ಹಿಂಬದಿಗೆ ಬೀಳುವುದಿಲ್ಲ.

ಸೀಸ ಬಿಡಲು ಇನ್ನೂ ದೊಡ್ಡ ಕಾರಣ ಊಟದ ತಟ್ಟೆಯಲ್ಲಿದೆ. 2008ರಲ್ಲಿ ನಾರ್ತ್ ಡಕೋಟದಲ್ಲಿ ಬಡವರಿಗೆಂದು ಬೇಟೆಗಾರರು ದಾನ ಕೊಟ್ಟಿದ್ದ ಜಿಂಕೆ ಕೈಮಾವನ್ನು ಎಕ್ಸ್‌ರೇಗೆ ಒಡ್ಡಿದಾಗ ಅದರಲ್ಲಿ ಸೀಸದ ಕಣಗಳು ಕಂಡವು. ಮಾಂಸ ಹಂಚುವುದನ್ನು ನಿಲ್ಲಿಸಬೇಕಾಯಿತು. ಆ ಕಣಗಳು ನಾಲಿಗೆಗೆ ಸಿಗುವಷ್ಟು ದೊಡ್ಡವಲ್ಲ, ಗಾಯದಿಂದ ದೂರದವರೆಗೂ ಚೆಲ್ಲಿರುತ್ತವೆ. ಕಾಡಿನಲ್ಲಿ ಬಿಟ್ಟುಬಂದ ಕರುಳು, ಗಾಯದ ಮಾಂಸ ತಿಂದ ರಣಹದ್ದುಗಳ ಪಾಡು ಇನ್ನೂ ಕೆಟ್ಟದ್ದು. 1987ರಲ್ಲಿ ಕ್ಯಾಲಿಫೋರ್ನಿಯಾ ಕಾಂಡರ್‌ ಎಂಬ ರಣಹದ್ದುಗಳು ಲೋಕದಲ್ಲೇ 27 ಉಳಿದಿದ್ದವು, ಎಲ್ಲವೂ ಪಂಜರದಲ್ಲಿ. ಮರಿ ಮಾಡಿಸಿ ಮತ್ತೆ ಹಾರಬಿಟ್ಟ ಮೇಲೆ ಅವನ್ನು ಕೊಲ್ಲುತ್ತಿರುವ ವಿಷಗಳಲ್ಲಿ ಮೊದಲನೆಯದು ಇದೇ ಸೀಸ. 2019ರ ಜುಲೈ 1ರಿಂದ ಕ್ಯಾಲಿಫೋರ್ನಿಯಾದಲ್ಲಿ ಬೇಟೆಗೆ ಸೀಸದ ಗುಂಡು ಪೂರ್ತಿ ನಿಷಿದ್ಧ. ಸ್ಕಾಟ್ಲೆಂಡ್ ಇದೇ ವಿಷಯವನ್ನು ಇನ್ನೊಂದು ಕಡೆಯಿಂದ ಹಿಡಿಯಿತು. ರೋ ಎಂಬ ಸಣ್ಣ ಜಿಂಕೆ ಬಿಟ್ಟು ಉಳಿದ ಜಿಂಕೆಗಳಿಗೆ ಅಲ್ಲಿ ಕನಿಷ್ಠ 100 ಗ್ರೇನಿನ ಗುಂಡು ಕಡ್ಡಾಯವಿತ್ತು. ತಾಮ್ರ ಬಳಸುವವರಿಗೆ ದಾರಿ ಆಗಲೆಂದು 2023ರಲ್ಲಿ ಅದನ್ನು 80ಕ್ಕೆ ಇಳಿಸಿದರು. ಹಗುರ ಗುಂಡಿನ ಪರವಾಗಿ ಒಂದು ಸರ್ಕಾರ ಕಾನೂನಿನಲ್ಲೇ ಬರೆದ ಮಾತು ಅದು, ನನಗೆ ತುಂಬ ಸಂತೋಷವಾಯಿತು.

ಮಿತಿಗಳೂ ಇವೆ. ತಾಮ್ರ ಅರಳುವುದಕ್ಕೆ ವೇಗ ಬೇಕು. ಗುಂಡು ಎರಡು ಸಾವಿರ ಅಡಿಗಿಂತ ನಿಧಾನವಾಗುವ ದೂರಕ್ಕೆ ನಾನು ಹೊಡೆಯುವುದಿಲ್ಲ. ಗಾಳಿ ಬೀಸುವ ಬಯಲಿನಲ್ಲಿ ಮುನ್ನೂರು ಗಜದಾಚೆ ಹಗುರ ಗುಂಡನ್ನು ನಂಬಬೇಡಿ. ಕೊಲರಾಡೊಗೆ ಹೋಗುವವರು ನಿಯಮ ಓದಿಕೊಳ್ಳಿ: ಜಿಂಕೆಗೆ ಕನಿಷ್ಠ 70 ಗ್ರೇನು, ಎಲ್ಕ್ ಮತ್ತು ಮೂಸ್‌ಗೆ 85. ಅಂದರೆ ನನ್ನ ಎಂಬತ್ತು ಗ್ರೇನು ಅಲ್ಲಿ ಎಲ್ಕ್‌ಗೆ ನಡೆಯದು, ನಡೆಯಬೇಕೆಂದು ನಾನು ಕೇಳುವುದೂ ಇಲ್ಲ. ಇನ್ನು .223ರಂಥ ಚಿಕ್ಕ ತೋಟಾವನ್ನು ಜಿಂಕೆಗೆ ಒಪ್ಪುವ ರಾಜ್ಯಗಳಿವೆ. ನುರಿತ ಕೈಗೆ, ಹತ್ತಿರದ ಹೊಡೆತಕ್ಕೆ ಆದೀತು. ಹೊಸಬರಿಗೆ ನಾನದನ್ನು ಹೇಳುವುದಿಲ್ಲ.

ಈಡು ಬಿದ್ದ ಮೇಲೆ ಜಿಂಕೆ ನಿಂತಿದ್ದ ಜಾಗಕ್ಕೆ ಹೋಗಿ ನೆಲ ನೋಡಿ. ತಾಮ್ರ ತಾಗಿದ ಜಿಂಕೆ ಎಷ್ಟೋ ಸಲ ನಿಂತಲ್ಲೇ ಕುಸಿಯದೆ ಐವತ್ತು, ಅರವತ್ತು ಗಜ ಓಡುತ್ತದೆ. ಎಲೆಯ ಮೇಲೆ ತಿಳಿಗೆಂಪು ನೊರೆರಕ್ತವಿದ್ದರೆ ಶ್ವಾಸಕೋಶಕ್ಕೆ ಬಿದ್ದಿದೆ, ಹತ್ತಿರದಲ್ಲೇ ಸಿಗುತ್ತದೆ. ಕಪ್ಪು ಛಾಯೆಯ ರಕ್ತವೋ ಹಸಿರು ಸಗಣಿಯ ಗುರುತೋ ಕಂಡರೆ ಬೆನ್ನುಹತ್ತದೆ ಗಂಟೆಗಟ್ಟಲೆ ಕಾಯಬೇಕು.

ಕೊಳ್ಳುವುದಾದರೆ ಸೆಪ್ಟೆಂಬರಿನಲ್ಲೇ ಕೊಳ್ಳಿ, ಒಂದೇ ಲಾಟಿನ ಎರಡು ಡಬ್ಬಿ. ಸೀಸದ ಗುಂಡು ಹಾರಿಸಿದ ನಳಿಗೆಯನ್ನು ತಾಮ್ರಕ್ಕೆ ಬದಲಾಯಿಸುವ ಮೊದಲು ಲೋಹದ ಕಿಟ್ಟ ಹೋಗುವ ತನಕ ಚೊಕ್ಕಟ ಮಾಡಿ, ಇಲ್ಲದಿದ್ದರೆ ಗುಂಡುಗಳು ಚದುರುತ್ತವೆ. ಮೊದಲ ಡಬ್ಬಿ ನೂರು ಮತ್ತು ಇನ್ನೂರು ಗಜದಲ್ಲಿ ಗುರಿ ಕೂರಿಸುವುದಕ್ಕೆ, ಎರಡನೆಯದು ನವೆಂಬರಿಗೆ.