ಗ್ರೇಸ್ ಪೂಲ್‌ಳ ನೈಟ್ ಡ್ಯೂಟಿ

ಷಾರ್ಲೆಟ್ ಬ್ರಾಂಟೆಯ ‘ಜೇನ್ ಏರ್’ ಓದಿದ ನಾಲ್ಕು ಜನ ಒಂದೆಡೆ ಕೂತರೆ ಮಾತು ಮೊದಲು ಹೋಗುವುದು ರಾಚೆಸ್ಟರ್ ಕಡೆಗೇ. ಕಟ್ಟಿಕೊಂಡ ಹೆಂಡತಿಯನ್ನು ಮೂರನೇ ಮಹಡಿಯಲ್ಲಿ ಕೂಡಿಹಾಕಿ, ಮನೆಪಾಠ ಹೇಳಲು ಬಂದ ಹುಡುಗಿ ಜೇನ್‌ಳನ್ನು ಮದುವೆಯಾಗಲು ಹೊರಟವನನ್ನು ಕ್ಷಮಿಸಬಹುದೆ? ಸ್ಟೇಶನ್ ಬಜಾರದ ಪಡಸಾಲೆಯೊಂದರಲ್ಲಿ ಸೇರುವ ನಮ್ಮ ಓದುಗರ ಬಳಗದಲ್ಲೂ ಚರ್ಚೆ ಅಲ್ಲಿಂದಲೇ ಶುರುವಾಯಿತು. ಆದರೆ ಅಲ್ಲಿಗೇ ನಿಲ್ಲಲಿಲ್ಲ. ಈ ಕಾದಂಬರಿಯನ್ನು ಮೊದಲು ಓದಿದ ಇಂಗ್ಲೆಂಡಿನ ಘಟಾನುಘಟಿಗಳಿಗೆ ಕಾಣದ ಎರಡು ಸಂಗತಿ ನಮ್ಮ ಕಲಬುರಗಿಯ ಇಬ್ಬರು ಓದುಗರಿಗೆ ಕಂಡವು. ಈ ವಾರದ ಅಂಕಣ ಅವರಿಗೆ ಸಲ್ಲಬೇಕು.

1847ರ ಆಗಸ್ಟ್ 24ರಂದು ಷಾರ್ಲೆಟ್ ಈ ಹಸ್ತಪ್ರತಿಯನ್ನು ಯಾರ್ಕ್‌ಶೈರಿನ ಪುಟ್ಟ ಸ್ಟೇಶನ್ನಿನಿಂದ ರೈಲಿನಲ್ಲಿ ಲಂಡನ್ನಿಗೆ ಪಾರ್ಸೆಲ್ ಮಾಡಿದಳು. ಆ ಸ್ಟೇಶನ್ನಿನಲ್ಲಿ ಮುಂಗಡ ಬಾಡಿಗೆ ಕಟ್ಟಿಸಿಕೊಳ್ಳುತ್ತಿರಲಿಲ್ಲ. ಎಷ್ಟಾಯಿತೆಂದು ತಿಳಿಸಿದರೆ ಅಂಚೆಚೀಟಿಯ ರೂಪದಲ್ಲಿ ಕಳಿಸುತ್ತೇನೆಂದು ಪ್ರಕಾಶಕರಿಗೆ ಬರೆದಳು. ರೈಲ್ವೆ ಪಾರ್ಸೆಲ್ಲಿನ ಈ ಲೆಕ್ಕಾಚಾರ ನಮ್ಮ ಬಜಾರದವರಿಗೆ ಬಿಡಿಸಿ ಹೇಳಬೇಕಿಲ್ಲ. ಪ್ರಕಾಶಕ ಜಾರ್ಜ್ ಸ್ಮಿತ್ ಒಂದು ಭಾನುವಾರ ಬೆಳಿಗ್ಗೆ ಓದಲು ಹಿಡಿದವನು, ಗೆಳೆಯನ ಜತೆಗಿನ ಸವಾರಿಯನ್ನು ಕೈಬಿಟ್ಟು, ಊಟದ ಹೊತ್ತಿಗೆ ಸ್ಯಾಂಡ್‌ವಿಚ್ ತರಿಸಿಕೊಂಡು, ರಾತ್ರಿ ಮಲಗುವ ಮುಂಚೆ ಮುಗಿಸಿದ. ಅಕ್ಟೋಬರಿನಲ್ಲಿ ಪುಸ್ತಕ ಮೂರು ಸಂಪುಟಗಳಲ್ಲಿ, ಕರರ್ ಬೆಲ್ ಎಂಬ ಗುಪ್ತನಾಮದಲ್ಲಿ ಹೊರಬಂತು. ಮರುವರ್ಷ ಎಲಿಜಬೆತ್ ರಿಗ್ಬಿ ‘ಕ್ವಾರ್ಟರ್ಲಿ ರಿವ್ಯೂ’ದಲ್ಲಿ ಇದನ್ನು ಧರ್ಮವಿರೋಧಿ ಪುಸ್ತಕವೆಂದು ಝಾಡಿಸಿದಳು. ಮೆಚ್ಚಿದವರಲ್ಲಿ ಕಾದಂಬರಿಕಾರ ಥ್ಯಾಕರೆ ದೊಡ್ಡವನು. ಎರಡನೇ ಮುದ್ರಣವನ್ನು ಷಾರ್ಲೆಟ್ ಅವನಿಗೇ ಅರ್ಪಿಸಿದಳು. ಥ್ಯಾಕರೆಯ ಹೆಂಡತಿಯೂ ಮನೋರೋಗದಿಂದ ನರಳುತ್ತ ಬೇರೆಯವರ ಆರೈಕೆಯಲ್ಲಿದ್ದಳೆಂಬುದು ಷಾರ್ಲೆಟ್‌ಗೆ ತಿಳಿದಿರಲಿಲ್ಲ. ಲಂಡನ್ನಿನ ಬಾಯಿಗಳಿಗೆ ಅಷ್ಟು ಸಾಕಾಯಿತು. ಬರೆದವಳು ಅವನ ಮನೆಯಲ್ಲಿ ಪಾಠ ಹೇಳಿಕೊಂಡಿದ್ದ ಹೆಂಗಸೇ ಎಂದು ಗುಲ್ಲೆಬ್ಬಿಸಿದವು.

ನಮ್ಮ ಬಳಗದ ನಿವೃತ್ತ ಹೆಡ್‌ಮಿಸ್ಟ್ರೆಸ್ ಒಬ್ಬರು ರಾಚೆಸ್ಟರ್ ಪರ. ಅವರಿಗೆ ಈ ಕಥೆ ಪುಸ್ತಕಕ್ಕಿಂತ ಮೊದಲು ಪರದೆಯ ಮೇಲೆ ಬಂದದ್ದು. 1968ರ ‘ಬೇಡಿ ಬಂದವಳು’ ಚಿತ್ರಕ್ಕೆ ‘ಜೇನ್ ಏರ್’ ಕಥೆಯೇ ಮೂಲ. ಕಲ್ಯಾಣ್ ಕುಮಾರ್, ಚಂದ್ರಕಲಾ ಅದರಲ್ಲಿದ್ದರು, ಮರುವರ್ಷ ಅದು ತಮಿಳಿನಲ್ಲಿ ‘ಶಾಂತಿ ನಿಲಯಂ’ ಆಯಿತು. ಒಂದು ಕೈ ಹೋಯಿತು, ಕಣ್ಣು ಹೋದವು, ಮನೆ ಸುಟ್ಟು ಬೂದಿಯಾಯಿತು, ಇನ್ನೆಷ್ಟು ಶಿಕ್ಷೆ ಕೊಡಬೇಕು ಎಂಬುದು ಅವರ ವಾದ. ಹೆಂಡತಿಯನ್ನು ಉಳಿಸಲು ಉರಿಯುವ ಮನೆಯ ಮಾಳಿಗೆ ಹತ್ತಿದವನು ಅವನೇ ಎಂಬುದನ್ನೂ ನೆನಪಿಸಿದರು. ಸರಿಯಾದ ಮಾತೇ.

ಕಮಲಾಪುರದಿಂದ ದಿನಾ ಬಸ್ಸಿಗೆ ಓಡಾಡುವ ಎಂ.ಎ. ವಿದ್ಯಾರ್ಥಿನಿ ಅದನ್ನು ಒಪ್ಪಲಿಲ್ಲ, ವಿರೋಧಿಸಲೂ ಇಲ್ಲ. ಆಕೆ ಓದಿದ್ದು ಮುಂಬಯಿಯ ಶ್ಯಾಮಲಾ ಮಾಧವ ಅವರ ಕನ್ನಡ ಅನುವಾದ. ಆಕೆಗೆ ಹೆದರಿಕೆ ಹುಟ್ಟಿಸಿದವನು ರಾಚೆಸ್ಟರ್ ಅಲ್ಲ, ಅವನನ್ನು ಬಿಟ್ಟುಹೋದ ಜೇನ್‌ಗೆ ಆಸರೆ ಕೊಟ್ಟ ಪಾದ್ರಿ ಸೇಂಟ್ ಜಾನ್. “ರಾಚೆಸ್ಟರ್ ಸುಳ್ಳು ಹೇಳ್ದ, ಗೊತ್ತಾದ ಮ್ಯಾಲ ಆಕಿ ಬಿಟ್ಟು ಹೋದ್ಳು. ಇಂವ ಸುಳ್ಳು ಹೇಳಂಗಿಲ್ರಿ. ದೇವರ ಹೆಸರು ಮುಂದ ಮಾಡ್ತಾನ. ಅಂಥವಗ ಒಲ್ಲೆ ಅನ್ನೋದು ಭಾಳ ಕಷ್ಟ ಐತ್ರಿ.”

ಗಾಥಿಕ್ ಕಾದಂಬರಿ ಎಂದಕೂಡಲೇ ನಾವು ನಡುರಾತ್ರಿಯ ನಗು, ಹರಿದ ಮದುವೆಯ ಮುಸುಕು, ಹೊತ್ತಿಕೊಂಡ ಮಂಚ ಇವನ್ನೇ ಹುಡುಕುತ್ತೇವೆ. ಈ ಹುಡುಗಿ ಭಯವನ್ನು ಹಾಡುಹಗಲಿನ ಅಭ್ಯಾಸದ ಕೋಣೆಯಲ್ಲಿ ಕಂಡಳು. ಸೇಂಟ್ ಜಾನ್ ಜೇನ್‌ಳ ಜರ್ಮನ್ ಪಾಠ ಬಿಡಿಸಿ ಹಿಂದೂಸ್ಥಾನಿ ಕಲಿಯಲು ಹಚ್ಚುತ್ತಾನೆ. ನಮ್ಮ ಬಜಾರದಲ್ಲಿ ಆಟೋ ಬಾಡಿಗೆಯಿಂದ ತರಕಾರಿ ಚೌಕಾಶಿಯವರೆಗೆ ನಡೆಯುವ ದಖ್ಖನಿಯ ಒಡಹುಟ್ಟಿದ ಭಾಷೆ ಅದು. ಆಕೆಯನ್ನು ಮಿಷನರಿಯ ಹೆಂಡತಿಯಾಗಿ ಹಿಂದೂಸ್ಥಾನಕ್ಕೆ ಕರೆದೊಯ್ಯುವ ಹಂಚಿಕೆ ಅವನದು. ಕಲ್ಕತ್ತೆಯ ಬಿಸಿಲಿಗೆ ನೀನು ಜೀವಂತ ಬೇಯುತ್ತೀ ಎಂದು ಅವನ ತಂಗಿಯೇ ಎಚ್ಚರಿಸುತ್ತಾಳೆ. ಕಲಬುರಗಿಯ ಮೇ ತಿಂಗಳು ಕಂಡವರಿಗೆ ಆ ಮಾತು ಅತಿಶಯ ಅನ್ನಿಸುವುದಿಲ್ಲ. ತಂಗಿಯಂತೆ ಬರುತ್ತೇನೆ, ಹೆಂಡತಿಯಾಗಿ ಒಲ್ಲೆ ಎಂದು ಜೇನ್ ಹೇಳಿದರೂ ಅವನು ಜಗ್ಗುವುದಿಲ್ಲ. ಅರಮನೆಯನ್ನೂ ಅರಸನನ್ನೂ ಬಿಟ್ಟು ಕಲ್ಯಾಣದ ದಾರಿ ಹಿಡಿದ ಅಕ್ಕಮಹಾದೇವಿಯ ಕಥೆ ಕೇಳಿ ಬೆಳೆದ ಈ ಸೀಮೆಯ ಹುಡುಗಿಗೆ, ಒಬ್ಬ ಹೆಣ್ಣು ಎಲ್ಲಿ ಒಲ್ಲೆ ಎಂದಳು ಎಂಬುದೇ ಕಥೆಯ ನಡುಗಂಬ. ಜೇನ್ ಎರಡು ಸಲ ಒಲ್ಲೆ ಎನ್ನುತ್ತಾಳೆ. ಎರಡನೆಯದೇ ಕಠಿಣ ಎಂಬ ಆಕೆಯ ತೀರ್ಮಾನಕ್ಕೆ ನಾನೂ ಬಂದಿದ್ದೇನೆ.

ಇಷ್ಟೊತ್ತೂ ಸುಮ್ಮನಿದ್ದ ನರ್ಸ್ ಒಬ್ಬರು ಆಮೇಲೆ ಬಾಯಿಬಿಟ್ಟರು. ಅವರಿಗೆ ರಾಚೆಸ್ಟರೂ ಬೇಡ, ಪಾದ್ರಿಯೂ ಬೇಡ, ರಾಚೆಸ್ಟರ್‌ನ ಹುಚ್ಚುಹಿಡಿದ ಹೆಂಡತಿ ಬರ್ಥಾಳನ್ನು ಕಾಯುವ ಹೆಂಗಸು ಬೇಕು. “ಆ ಗ್ರೇಸ್ ಪೂಲ್ ಬಗ್ಗೆ ಯಾರೂ ಮಾತಾಡ್ಲಿಲ್ಲಲ್ರಿ. ಹಗಲೂ ಆಕೀನೇ, ನೈಟ್ ಡ್ಯೂಟಿನೂ ಆಕೀನೇ. ಅದೂ ವರ್ಷಗಟ್ಲೆ. ರಿಲೀವರ್ ಎಲ್ಲಿ? ಕುಡದು ಮಲಗಿದ್ಲು, ಕೀಲಿ ಹೋತು ಅಂತ ಬರದಾರ. ಮನಷಾಳು ಅಂದ ಮ್ಯಾಲ ಕಣ್ಣು ಹತ್ತಂಗಿಲ್ಲೇನ್ರಿ?”

ಪಡಸಾಲೆ ಒಂದು ಗಳಿಗೆ ತೆಪ್ಪಗಾಯಿತು. ಮನೆಗೆ ಬಂದು ಆ ಭಾಗಗಳನ್ನು ಮತ್ತೆ ತೆಗೆದೆ. ಕಿಟಕಿಯಿಲ್ಲದ ಕೋಣೆ. ಬೆಂಕಿಗೂಡಿನ ಸುತ್ತ ಎತ್ತರದ ಗಟ್ಟಿ ಕಟಕಟೆ. ಸೂರಿನಿಂದ ಸರಪಳಿಗೆ ತೂಗುಬಿಟ್ಟ ದೀಪ. ಗ್ರೇಸ್ ಒಲೆಯ ಮುಂದೆ ಬಾಗಿ ಏನೋ ಬೇಯಿಸುತ್ತಿದ್ದಾಳೆ. ಮದುವೆ ಮುರಿದು ಬಂದ ರಾಚೆಸ್ಟರ್ ಎಲ್ಲರನ್ನೂ ಆ ಕೋಣೆಗೆ ಎಳೆತಂದಿದ್ದಾನೆ. ಬರ್ಥಾಳನ್ನು ಕಂಡ ಜೇನ್‌ಗೆ ಅದು ಮೃಗವೋ ಮನುಷ್ಯಳೋ ತಿಳಿಯುವುದಿಲ್ಲ. ಇವತ್ತು ಹೇಗಿದ್ದಾಳೆ ಎಂದು ಕೇಳಿದಾಗ ಗ್ರೇಸ್ ಒಬ್ಬಳೇ ನೆಟ್ಟಗೆ ಉತ್ತರ ಕೊಡುತ್ತಾಳೆ: ತುಸು ಸಿಡಿಮಿಡಿ ಇದೆ, ರೊಚ್ಚಿಗೆದ್ದಿಲ್ಲ. ಬೆಳಿಗ್ಗೆ ಪಾಳಿ ಬದಲಾಗುವಾಗ ವಾರ್ಡಿನಲ್ಲಿ ಕೊಡುವ ವರದಿ ಇದು. ಆ ಇಡೀ ಮನೆಯಲ್ಲಿ ಬರ್ಥಾಳನ್ನು ರೋಗಿಯಾಗಿ ಕಂಡು ದಿನದ ಮಾತಿನಲ್ಲಿ ಹೇಳುವವಳು ಸಂಬಳದ ಈ ಹೆಂಗಸು ಮಾತ್ರ. ಮರುಅಧ್ಯಾಯದಲ್ಲಿ ಜೇನ್ ಕೂಡ ರಾಚೆಸ್ಟರ್‌ನನ್ನು ಗದರುತ್ತಾಳೆ: ಹುಚ್ಚು ಹಿಡಿದದ್ದು ಆಕೆಯ ತಪ್ಪಲ್ಲ, ಹಾಗೆ ದ್ವೇಷಿಸುವುದು ಕ್ರೌರ್ಯ ಎಂದು. ಆದರೆ ಬರ್ಥಾಳ ಬಾಯಿಂದ ಒಂದು ಮಾತೂ ನಮಗೆ ನೇರವಾಗಿ ಕೇಳಿಸುವುದಿಲ್ಲ.

ಕನ್ನಡದ ಓದುಗರಿಗೆ ಈ ಕೊರತೆ ಇಷ್ಟು ಬೇಗ ತಟ್ಟಲು ಕಾರಣ ತ್ರಿವೇಣಿಯವರು ಎಂದು ನಾನು ನಂಬಿದ್ದೇನೆ. ಮನಶ್ಶಾಸ್ತ್ರ ಓದಿಕೊಂಡಿದ್ದ ಅವರು 1963ರಲ್ಲಿ, ಇನ್ನೂ 35 ತುಂಬದ ವಯಸ್ಸಿನಲ್ಲಿ ತೀರಿಕೊಂಡರು. ಅವರ ‘ಶರಪಂಜರ’ದ ಕಾವೇರಿ ಬಾಣಂತಿತನದಲ್ಲಿ ಮನಸ್ಸಿನ ಸಮತೋಲ ಕಳೆದುಕೊಂಡು, ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುತ್ತಾಳೆ. ಗುಣವಾಗಿದ್ದಾಳೆಂದು ಮನೆಯವರು, ನೆರೆಯವರು ಒಪ್ಪುವುದಿಲ್ಲ. ಗಾಥಿಕ್ ಕಾದಂಬರಿ ಮೂರನೇ ಮಹಡಿಯಲ್ಲಿಟ್ಟ ಹೆಂಗಸನ್ನು ತ್ರಿವೇಣಿ ಅಡುಗೆಮನೆಗೆ, ನಡುಮನೆಗೆ ಕರೆತಂದು ಆಕೆಯ ಕಣ್ಣಿನಿಂದ ನಮ್ಮನ್ನು ನೋಡಿಸಿದರು. 1971ರಲ್ಲಿ ಪುಟ್ಟಣ್ಣ ಕಣಗಾಲರ ಚಿತ್ರದಲ್ಲಿ ಕಲ್ಪನಾ ಕಾವೇರಿಯಾದ ಮೇಲೆ ಓದು ಬಾರದವರಿಗೂ ಆ ನೋವು ಮುಟ್ಟಿತು. ಅಲ್ಲಿನ ಹುಚ್ಚಾಸ್ಪತ್ರೆಯನ್ನು ನೆನೆದು ಮಾತುಮಾತಿಗೆ ‘ಧಾರವಾಡಕ್ಕ ಕಳಿಸಬೇಕು’ ಎಂದು ನಗುವ ನಮ್ಮ ಕಡೆಯವರು ಆ ಕಾದಂಬರಿಯನ್ನು ಓದಲೇಬೇಕು.

ಇಂಗ್ಲಿಷಿನಲ್ಲಿ ಬರ್ಥಾಗೆ ಬಾಯಿ ಬಂದದ್ದು 1966ರಲ್ಲಿ, ಡೊಮಿನಿಕಾದಲ್ಲಿ ಹುಟ್ಟಿದ ಜೀನ್ ರೀಸ್ ಬರೆದ ‘ವೈಡ್ ಸರ್ಗಾಸೊ ಸೀ’ಯಲ್ಲಿ. ಮುಂದಿನ ತಿಂಗಳಿಗೆ ಬಳಗ ಅದನ್ನೇ ಆರಿಸಿದೆ. ಆ ನರ್ಸಿಗೆ ನನ್ನ ಪ್ರತಿ ಕೊಟ್ಟು, ಮೂರನೇ ಭಾಗವನ್ನು ಮೊದಲು ತೆರೆಯಿರಿ ಎಂದಿದ್ದೇನೆ. ಅದು ಶುರುವಾಗುವುದೇ ಗ್ರೇಸ್ ಪೂಲ್‌ಳ ಮಾತಿನಿಂದ: ಈ ಕೆಲಸವನ್ನು ಯಾಕೆ ಒಪ್ಪಿಕೊಂಡೆ, ಸಂಬಳ ಎಷ್ಟು ಎಂದರು ಎಂದು ಆಕೆ ಹೇಳಿಕೊಳ್ಳುತ್ತಾಳೆ.